ಗಡಿಯಿಂದ ದೂರದ ವಾಯುನೆಲೆ

ಪ್ರಶ್ನೆ: ಗಡಿಯಿಂದ ಬಹುದೂರವಿರುವ ಬೀದರ್‌ನಲ್ಲಿ ವಾಯುಪಡೆಯ ನೆಲೆ ಏಕಿದೆ? ನಮ್ಮೂರಿನ ಕೆಲವು ಯುವಕರು ಪೈಲಟ್ ಆಗಬಯಸಿರುವುದರಿಂದ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಗದಗ

ಉತ್ತರ: ಬೀದರ್ ನೆಲೆಯ ಮುಖ್ಯ ಕೆಲಸ ತರಬೇತಿ, ಅದಕ್ಕೆ ಗಡಿಯಿಂದ ದೂರವಿರುವುದೇ ಅನುಕೂಲ. ಯುದ್ಧವಿಮಾನದ ಪೈಲಟ್ ಆಗಲಿರುವವರು ಇಲ್ಲಿ ಹಾಕ್ ಜೆಟ್‌ಗಳಲ್ಲಿ ಪಳಗುತ್ತಾರೆ. 2008ರಲ್ಲಿ ಹಾಕ್ ವಾಯುಪಡೆಗೆ ಸೇರುವ ಮುನ್ನ, ನಿಧಾನಗತಿಯ ಕಿರಣ್ ವಿಮಾನದಲ್ಲಿ ಕಲಿತ ಎಳೆಯ ಪೈಲಟ್‌ಗಳು ಅತಿವೇಗದ ಮಿಗ್-21ರಲ್ಲಿ ಮುಂದಿನ ತರಬೇತಿ ಪಡೆಯಬೇಕಿತ್ತು. ಆ ಅಂತರ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿತೆಂಬುದು ನೋವಿನ ಸಂಗತಿ. ಹಾಕ್‌ಗಳಲ್ಲಿ ಬಹುಪಾಲು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಒಂಬತ್ತು ವಿಮಾನಗಳ ಪ್ರದರ್ಶನಕ್ಕೆ ಹೆಸರಾದ ಸೂರ್ಯಕಿರಣ್ ತಂಡವೂ 1996ರಲ್ಲಿ ರೂಪುಗೊಂಡದ್ದು ಬೀದರ್‌ನಲ್ಲೇ. ಪೈಲಟ್ ಆಗಬಯಸುವವರು ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆಯಬಹುದು.