ಲವಂಗ, ಪಲಾವ್ ಎಲೆ, ಬೇವಿನ ಸೊಪ್ಪು ಇಟ್ಟರೆ ಜಿರಳೆ ಹೋಗುತ್ತದೆಯೇ?

ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ ಅಂಬೆಗಾಲಿಡುವ ಮಗುವಿರುವುದರಿಂದ ಔಷಧಿ ಹೊಡೆಸಲು ಮನಸ್ಸಿಲ್ಲ, ಲವಂಗ, ಪಲಾವ್ ಎಲೆ, ಬೇವು, ಕರ್ಪೂರ ಇವುಗಳಿಂದಲೇ ಜಿರಳೆಗಳನ್ನು ದೂರವಿಡಬಹುದೇ ಎಂದು ನೀವು ಕೇಳಿದ್ದೀರಿ. ಹೊರಗಿನಿಂದ ಒಳಗೆ ಬರುವ ಜಿರಳೆಯನ್ನು ತಡೆಯಲು ಇವುಗಳಲ್ಲಿ ಕೆಲವು ಸ್ವಲ್ಪ ನೆರವಾಗುತ್ತವೆ. ಆದರೆ ಈಗಾಗಲೇ ಅಡುಗೆಮನೆಯಲ್ಲಿ ಬೀಡುಬಿಟ್ಟಿರುವ ಜಿರಳೆಗಳು ಇವುಗಳ ವಾಸನೆಗೆ ಮನೆ ಬಿಟ್ಟು ಹೋಗುವುದಿಲ್ಲ, ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಹೋಗುತ್ತವೆ, ಅಷ್ಟೇ. ಆದ್ದರಿಂದ ನಿಮ್ಮ ಮನೆಯಲ್ಲಿರುವುದು ಯಾವ ಜಿರಳೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ರಾತ್ರಿ ಬಚ್ಚಲಿನ ಜಾಲರಿಯಿಂದ ಮೇಲೆ ಬರುವ, ಸುಮಾರು 4 ಸೆಂಟಿಮೀಟರ್ ಉದ್ದದ, ಕೆಂಗಂದು ಬಣ್ಣದ ಜಿರಳೆಯಾದರೆ ಅದು ಅಮೆರಿಕನ್ ಜಿರಳೆ. ಹೆಸರಿನಲ್ಲಿ ಅಮೆರಿಕ ಇದ್ದರೂ ಅದರ ಮೂಲ ಆಫ್ರಿಕಾ, ನಮ್ಮ ನಗರಗಳಲ್ಲಿ ಅದರ ಬಿಡಾರ ಚರಂಡಿ ಮತ್ತು ಮ್ಯಾನ್‌ಹೋಲ್. ಒಂದೂವರೆ ಸೆಂಟಿಮೀಟರ್ ಮೀರದ, ತಿಳಿಗಂದು ಬಣ್ಣದ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೆರೆಗಳಿರುವ ಜಿರಳೆಯಾದರೆ ಅದು ಜರ್ಮನ್ ಜಿರಳೆ. ಅದು ಹುಟ್ಟಿದ್ದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಸುತ್ತಮುತ್ತ ಎಂದು 2024ರಲ್ಲಿ ಪ್ರಕಟವಾದ ಒಂದು ತಳಿ ಅಧ್ಯಯನ ಹೇಳುತ್ತದೆ. ನಿಮಗೆ ಮುಖ್ಯವಾಗಬೇಕಾದ ಸಂಗತಿ ಬೇರೆ: ಈ ಸಣ್ಣ ಜಿರಳೆ ಮನುಷ್ಯರ ಕಟ್ಟಡಗಳಲ್ಲಿ ಮಾತ್ರ ಬದುಕುತ್ತದೆ, ಕಾಡಿನಲ್ಲಾಗಲಿ ಹೊಲದಲ್ಲಾಗಲಿ ಅದಕ್ಕೆ ನೆಲೆಯಿಲ್ಲ. ಹೊರಗೆ ಠಾವೇ ಇಲ್ಲದ ಹುಳುವನ್ನು ವಾಸನೆಯಿಂದ ಹೊರಗಟ್ಟುವುದಾದರೂ ಎಲ್ಲಿಗೆ? ಇದರ ಹೆಣ್ಣು 30ರಿಂದ 40 ಮೊಟ್ಟೆಗಳಿರುವ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಮೈಗೆ ಅಂಟಿಸಿಕೊಂಡೇ ಓಡಾಡುತ್ತದೆ. ಹೀಗಾಗಿ ಲವಂಗದ ವಾಸನೆಗೆ ಬೆದರಿ ಅಡುಗೆಮನೆಯಿಂದ ಮಲಗುವ ಕೋಣೆಗೆ ಓಡಿದ ಒಂದೇ ಒಂದು ಹೆಣ್ಣು ಅಲ್ಲಿ ಹೊಸ ಸಂಸಾರವನ್ನೇ ಹೂಡಬಲ್ಲದು.

ಅಡುಗೆಮನೆಯ ದೀಪ ಆರಿಸಿ ಒಂದು ಗಂಟೆಯ ನಂತರ ಟಾರ್ಚ್ ಹಿಡಿದು ನೋಡಿ. ಫ್ರಿಜ್ ಬಾಗಿಲಿನ ರಬ್ಬರಿನ ಮಡಿಕೆ, ಅದರ ಹಿಂದಿನ ಮೋಟಾರಿನ ಬಿಸಿ ಜಾಗ, ಮಿಕ್ಸಿಯ ಅಡಿಭಾಗ, ವಾಟರ್ ಫಿಲ್ಟರಿನ ಹಿಂಬದಿ, ಕಪಾಟಿನ ಬಾಗಿಲುಗಳ ಕೀಲು, ಶೆಲ್ಫಿಗೆ ಹಾಸಿದ ಪೇಪರಿನ ಅಡಿ ಇವೇ ಅವುಗಳ ಮೆಚ್ಚಿನ ತಾಣಗಳು. ಜಿರಳೆ ಕಾಣದಿದ್ದರೂ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಕಣಗಳು ಕಂಡರೆ ಅದು ಅವುಗಳ ಹಿಕ್ಕೆ. ಆ ಹಿಕ್ಕೆಯ ವಾಸನೆಯೇ ಉಳಿದ ಜಿರಳೆಗಳನ್ನು ಅಲ್ಲಿಗೆ ಕರೆಯುತ್ತದೆ. ಆದಕಾರಣ ಯಾವ ಎಲೆಯನ್ನಿಡುವ ಮೊದಲೂ ಆ ಜಾಗವನ್ನು ಬಿಸಿನೀರು ಮತ್ತು ಸೋಪಿನಿಂದ ತಿಕ್ಕಿ ತೊಳೆದು ಒಣಗಿಸಬೇಕು, ಹಾಸಿದ ಪೇಪರನ್ನು ಎಸೆಯಬೇಕು.

ಇನ್ನು ನೀವು ಹೆಸರಿಸಿದ ವಸ್ತುಗಳ ವಿಚಾರ. ಲವಂಗದಲ್ಲಿರುವ ಯೂಜಿನಾಲ್ ಜಿರಳೆಯ ನರಮಂಡಲವನ್ನು ಕದಡುತ್ತದೆ ಎಂಬುದೂ ಪುದೀನ ಎಣ್ಣೆಯಿಂದ ಜಿರಳೆಗಳು ದೂರ ಸರಿಯುತ್ತವೆ ಎಂಬುದೂ ಪ್ರಯೋಗಗಳಲ್ಲಿ ಕಂಡಿರುವ ಮಾತು. ಆದರೆ ಅದು ತೆಗೆದ ಎಣ್ಣೆಯ ಗುಣ, ಡಬ್ಬದ ಮೂಲೆಯಲ್ಲಿಟ್ಟ ನಾಲ್ಕು ಒಣ ಲವಂಗಕ್ಕೆ ಅಷ್ಟು ಕಸುವಿಲ್ಲ, ಮೇಲಾಗಿ ಎಣ್ಣೆಯೂ ಬೇಗ ಆವಿಯಾಗುವುದರಿಂದ ಎರಡು ಮೂರು ದಿನಕ್ಕೊಮ್ಮೆ ಹೊಸದಾಗಿ ಹಾಕಬೇಕಾಗುತ್ತದೆ. ಬೇವಿನ ಅಜಾಡಿರಾಕ್ಟಿನ್ ಕೀಟಗಳು ಪೊರೆ ಕಳಚುವುದನ್ನು ಕೆಡಿಸುತ್ತದೆ ನಿಜ. ಆದರೆ ಅದು ಕೀಟದ ಮೈ ಸೇರಬೇಕು. ಕಾಳಿನ ಡಬ್ಬಕ್ಕೆ ಬೇವಿನ ಸೊಪ್ಪು ಹಾಕುವ ನಮ್ಮ ಹಿರಿಯರ ಪದ್ಧತಿ ಕಾಳಿನ ಹುಳುವಿಗೆ ಹೊಂದುತ್ತದೆ, ಸಿಂಕಿನ ಕೆಳಗಿನ ಜಿರಳೆಗೆ ಹೊಂದುವುದಿಲ್ಲ. ಪಲಾವ್ ಎಲೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವನ್ನು ನಾನು ಕಂಡಿಲ್ಲ.

ಕರ್ಪೂರವನ್ನು ಮಾತ್ರ ದಯವಿಟ್ಟು ಇಡಬೇಡಿ. ಸಣ್ಣ ಮಕ್ಕಳು ಅದರ ಒಂದು ಚೂರು ನುಂಗಿದರೂ ಫಿಟ್ಸ್ ಬರಬಹುದು, ಮತ್ತು ಅಂಬೆಗಾಲಿಡುವ ಮಗು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೇ ಹಾಕುತ್ತದೆ. ನುಸಿಗುಳಿಗೆಯೂ ಅಷ್ಟೇ ಅಪಾಯಕಾರಿ. ಲವಂಗದ ಎಣ್ಣೆಯ ಸೀಸೆ ಸಹ ಮಗುವಿನ ಕೈಗೆ ಸಿಗಬಾರದು, ಪುದೀನ ಎಣ್ಣೆಯ ಕಟು ವಾಸನೆ ಮಗು ಮಲಗುವ ಕೋಣೆಯಲ್ಲಿ ಬೇಡ. ಗಿಡಮೂಲದ್ದು ಎಂದಮಾತ್ರಕ್ಕೆ ಮಗುವಿಗೆ ಸುರಕ್ಷಿತ ಎಂದುಕೊಳ್ಳಲಾಗದು.

ಚರಂಡಿಯ ದೊಡ್ಡ ಜಿರಳೆಯೇ ನಿಮ್ಮ ತೊಂದರೆಯಾಗಿದ್ದರೆ ಕೆಲಸ ಸುಲಭ. ನಿಂತಾಗ 12 ಮಿಲಿಮೀಟರ್ ಎತ್ತರವಿರುವ ಆ ಜಿರಳೆ ಮೈ ಚಪ್ಪಟೆ ಮಾಡಿಕೊಂಡು 3 ಮಿಲಿಮೀಟರ್ ಸಂದಿನಲ್ಲಿ ತೂರಬಲ್ಲದು. ಹಾಗಾಗಿ ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ತೂತು, ಗ್ಯಾಸ್ ಪೈಪಿನ ಸಂದು, ಬಚ್ಚಲಿನ ಟೈಲ್ಸಿನ ಬಿರುಕು ಇವನ್ನೆಲ್ಲ ಬಿಳಿ ಸಿಮೆಂಟಿನಿಂದ ಮುಚ್ಚಿಸಿ, ನೀರು ಹೋಗುವ ಬಾಯಿಗೆ ಮುಚ್ಚಳವಿರುವ ಜಾಲರಿ ಹಾಕಿಸಿ. ಬಳಸದ ಬಚ್ಚಲಿನ ಟ್ರ್ಯಾಪಿನಲ್ಲಿ, ಅಂದರೆ ನೀರು ನಿಂತು ಚರಂಡಿಯ ದಾರಿಯನ್ನು ಮುಚ್ಚುವ ಭಾಗದಲ್ಲಿ, ನೀರು ಆರಿಹೋದರೆ ಚರಂಡಿಯಿಂದ ನೇರ ದಾರಿಯಾಗುವುದರಿಂದ ಆಗಾಗ ಒಂದು ತಂಬಿಗೆ ನೀರು ಸುರಿಯುತ್ತಿರಿ. ಮುಚ್ಚಲಾಗದ ಸಂದುಗಳಿದ್ದರೆ, ಅಲ್ಲಿ ಮಾತ್ರ, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ.

ಸಣ್ಣ ಜಿರಳೆಯಾದರೆ ಅಟ್ಟುವ ಯೋಚನೆಯನ್ನೇ ಬಿಟ್ಟು ಮುಗಿಸುವ ದಾರಿ ಹಿಡಿಯಬೇಕು. ಆಹಾರವಿಲ್ಲದೆ ವಾರಗಟ್ಟಲೆ ಬದುಕುವ ಜಿರಳೆ ನೀರಿಲ್ಲದೆ ಅಷ್ಟು ಕಾಲ ತಾಳಲಾರದು. ಆದ್ದರಿಂದ ಮುಸುರೆ ಪಾತ್ರೆಗಳನ್ನು ರಾತ್ರಿಯೇ ತೊಳೆದು, ಸಿಂಕ್ ಮತ್ತು ಕಟ್ಟೆಯನ್ನು ಒಣಬಟ್ಟೆಯಿಂದ ಒರಸಿ ಮಲಗಿ. ಕಣ್ಣಿಗೆ ಬಿದ್ದ ಜಿರಳೆಗೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನು ಚೆನ್ನಾಗಿ ಸಿಂಪಡಿಸಿದರೆ ಅದರ ಉಸಿರಾಟದ ರಂಧ್ರಗಳು ಕಟ್ಟಿಕೊಂಡು ಸಾಯುತ್ತದೆ, ಮಗುವಿರುವ ಮನೆಗೆ ಇದೇ ಒಳ್ಳೆಯ ಸ್ಪ್ರೇ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಗೋಧಿಹಿಟ್ಟು, ಸಕ್ಕರೆಯೊಡನೆ ಕಲಸಿ ಉಂಡೆ ಮಾಡಿಡುವ ಉಪಾಯ ನಿಜಕ್ಕೂ ಫಲ ಕೊಡುತ್ತದೆ. ಆದರೆ ಅದು ಮಗುವಿಗೂ ವಿಷವಾದ್ದರಿಂದ ನಿಮ್ಮ ಮನೆಯ ನೆಲದ ಮೇಲೆ ಬೇಡವೇ ಬೇಡ. ಅದರ ಬದಲು ಎತ್ತರದ ಕಪಾಟಿನ ಕೀಲುಗಳ ಒಳಗೆ ಜಿರಳೆ ತಿಂದು ಸಾಯುವ ವಿಷದ ಜೆಲ್ಲನ್ನು ಸಾಸಿವೆ ಗಾತ್ರದ ಚುಕ್ಕೆಗಳಾಗಿ ಇಡುವುದು ಮೇಲು. ಜೆಲ್ ಇಟ್ಟ ಕಡೆ ಲವಂಗ, ಪುದೀನ ಯಾವುದನ್ನೂ ಇಡಬೇಡಿ. ತಿನ್ನಲು ಬರಬೇಕಾದ ಜಿರಳೆಯನ್ನು ಆ ವಾಸನೆ ಹತ್ತಿರ ಸುಳಿಯಗೊಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಜೆಲ್ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ.

ಫ್ಲ್ಯಾಟುಗಳಲ್ಲಿ ಪೈಪುಗಳ ಡಕ್ಟ್ ಮೇಲಿಂದ ಕೆಳಗಿನವರೆಗೂ ಒಂದೇ ಆಗಿರುತ್ತದೆ. ಮನೆಯ ಮಾಲೀಕರಿಗೆ ಹೇಳಿ ನಿಮ್ಮ ಕಡೆಯ ತೂತುಗಳನ್ನು ಮುಚ್ಚಿಸುವಾಗಲೇ ಮೇಲಿನ, ಕೆಳಗಿನ ಮನೆಯವರನ್ನೂ ಕೇಳಿನೋಡಿ. ಅವರ ಅಡುಗೆಮನೆಯಲ್ಲೂ ಇದೇ ಸಣ್ಣ ಜಿರಳೆ ಇದ್ದರೆ ಎಲ್ಲರೂ ಒಂದೇ ವಾರದಲ್ಲಿ ಜೆಲ್ ಇಡುವಂತೆ ಮಾತಾಡಿಕೊಳ್ಳಿ.