ಗ್ಯಾಸ್ಟ್ರಿಕ್ ಬೈಪಾಸ್ ಆದ ಮೇಲೆ ಅಮ್ಮನ ಹಳೇ ಮಾತ್ರೆಗಳನ್ನು ಹಾಗೇ ಕೊಡಬಹುದಾ?

ನಿಮ್ಮ ತಾಯಿಗೆ 54 ವರ್ಷ, ಮುಂದಿನ ತಿಂಗಳು ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಇದೆ ಅಂತ ಬರೆದಿದ್ದೀರಿ. ಶುಗರ್, ಬಿಪಿ, ಥೈರಾಯ್ಡ್ ಮಾತ್ರೆಗಳು ದಿನಾ ಇವೆ. ಮಂಡಿ ನೋವು ಜಾಸ್ತಿಯಾದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಾರೆ. ಆಪರೇಷನ್ ಆದ ಮೇಲೆ ಎಲ್ಲವನ್ನೂ ಪುಡಿ ಮಾಡಿ ಕೊಟ್ಟರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ.

ಸಾಕಾಗುವುದಿಲ್ಲ. ಕೆಲವನ್ನು ಪುಡಿ ಮಾಡಲೇಬಾರದು. ಕೆಲವನ್ನು ಕೊಡಲೇಬಾರದು. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಈ ಆಪರೇಷನ್ ಮಾಡಿಸಿಕೊಂಡವರು ಮನೆಗೆ ಹೊರಡುವಾಗ ಅವರ ಮಾತ್ರೆಗಳನ್ನು ಒಂದೊಂದಾಗಿ ನೋಡಿ ಮನೆಯವರಿಗೆ ವಿವರಿಸುತ್ತೇನೆ. ಯಾವ ಮಾತ್ರೆ ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ತೀರ್ಮಾನಿಸಬೇಕು. ಅವರ ಹತ್ತಿರ ಏನೇನು ಕೇಳಬೇಕು ಅಂತ ನಾನು ಹೇಳಬಲ್ಲೆ.

ಮೊದಲು ನೋವಿನ ಮಾತ್ರೆ. ನಿಮ್ಮ ತಾಯಿಯ ವಿಷಯದಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ತಂದು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಆಸಿಡ್ ತಡೆದುಕೊಳ್ಳುವ ಶಕ್ತಿ ಹೊಟ್ಟೆಯ ಒಳಪದರಕ್ಕೆ ಇದೆ, ಕರುಳಿಗೆ ಅಷ್ಟು ಇಲ್ಲ. ಹಾಗಾಗಿ ಆ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಇವೆಲ್ಲ ಅಲ್ಲಿರುವ ಅಲ್ಪಸ್ವಲ್ಪ ರಕ್ಷಣೆಯನ್ನೂ ಕಡಿಮೆ ಮಾಡುತ್ತವೆ. ಹುಣ್ಣಿನಿಂದ ರಕ್ತ ಹೋಗಬಹುದು, ಕರುಳು ತೂತಾಗಲೂಬಹುದು. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಆಪರೇಷನ್ ಆದ ಮೊದಲ ತಿಂಗಳು ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಎರಡು ಮೂರು ವರ್ಷ ಕಳೆದು, ತೂಕ ಇಳಿದು, ಆಪರೇಷನ್ ಆಗಿದ್ದೇ ಮರೆತುಹೋದ ಮೇಲೆ ಹಲ್ಲು ನೋವೋ ಸೊಂಟ ನೋವೋ ಬರುತ್ತದೆ. ಅಂಗಡಿಯವನು ಒಂದು ಸ್ಟ್ರಿಪ್ ಕೊಡುತ್ತಾನೆ. ಅಪಾಯ ಅಲ್ಲಿರುತ್ತದೆ. ಬೈಪಾಸ್ ಆದವರಿಗೆ ಈ ಎಚ್ಚರಿಕೆ ಜೀವನಪೂರ್ತಿ.

ಸ್ಟ್ರಿಪ್ ಮೇಲೆ ದೊಡ್ಡದಾಗಿ ಬರೆದ ಹೆಸರನ್ನು ನಂಬಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿರುವುದು ತುಂಬಾ ಸಾಮಾನ್ಯ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಜೆರೊಡಾಲ್-ಪಿ ಯಲ್ಲಿ ಪ್ಯಾರಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಇದೆ. "ಪ್ಯಾರಸಿಟಮಾಲ್ ತಾನೇ, ತೊಂದರೆ ಇಲ್ಲ" ಅಂತ ತೆಗೆದುಕೊಂಡುಬಿಡುತ್ತಾರೆ. ಬರೀ ಪ್ಯಾರಸಿಟಮಾಲ್ ಇರುವ ಡೋಲೋ 650, ಕ್ರೋಸಿನ್ ತರಹದ್ದು ಸಾಮಾನ್ಯವಾಗಿ ಆಗುತ್ತದೆ. ದಿನಕ್ಕೆ ಎಷ್ಟರವರೆಗೆ ಅನ್ನುವುದನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

"ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ಹೋಗಲ್ಲ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಡೈಕ್ಲೊಫೆನಾಕ್ ಸೂಜಿಯೂ ಅಷ್ಟೇ ಅಪಾಯ. ಈ ಔಷಧಿ ಹೊಟ್ಟೆಯನ್ನು ಮುಟ್ಟುವುದರಿಂದ ಮಾತ್ರ ಹುಣ್ಣಾಗುವುದಿಲ್ಲ. ರಕ್ತಕ್ಕೆ ಸೇರಿದ ಮೇಲೂ ಅದು ಒಳಪದರದ ರಕ್ಷಣೆಯನ್ನು ತಗ್ಗಿಸುತ್ತದೆ. ಜೊತೆಗೆ ಒಂದು ಗ್ಯಾಸ್ ಮಾತ್ರೆ ನುಂಗಿದರೆ ಎಲ್ಲ ಸರಿಯಾಗುತ್ತದೆ ಅನ್ನುವುದೂ ನಿಜವಲ್ಲ. ಅಪಾಯ ಕಡಿಮೆಯಾಗಬಹುದು, ಹೋಗುವುದಿಲ್ಲ. ಮಂಡಿಗೆ ಹಚ್ಚುವ ಜೆಲ್‌ನಿಂದ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ, ಅದರ ಬಗ್ಗೆ ಡಾಕ್ಟರನ್ನು ಕೇಳಿ. ಲೇಬಲ್ ಇಲ್ಲದ ಸಂದು ನೋವಿನ ಪುಡಿ, ಗುಳಿಗೆ ಮಾತ್ರ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿದೆ.

ಒಂದು ವಿಷಯ ಮರೆಯಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ಅದನ್ನು ಹೃದಯದ ಡಾಕ್ಟರು, ಸರ್ಜನ್ ಇಬ್ಬರೂ ಸೇರಿ ತೀರ್ಮಾನಿಸಬೇಕು.

ಈಗ ಪುಡಿ ಮಾಡುವ ವಿಷಯ. ಮೊದಲ ಕೆಲವು ವಾರ ದೊಡ್ಡ ಮಾತ್ರೆ ಸಿಕ್ಕಿಕೊಳ್ಳಬಹುದು. ಅದಕ್ಕೇ ಪುಡಿ ಮಾಡಿ ಅಥವಾ ಸಿರಪ್ ಕೊಡಿ ಅನ್ನುತ್ತಾರೆ. ಸಿರಪ್ ಆದರೆ ಸಕ್ಕರೆ ಇಲ್ಲದ್ದು ಕೇಳಿ. ಸಕ್ಕರೆ ಒಮ್ಮೆಗೇ ಕರುಳಿಗೆ ಇಳಿದರೆ ಎದೆ ಬಡಿತ, ಬೆವರು, ಹೊಟ್ಟೆ ಹಿಂಡಿದಂತೆ ಆಗುವುದು ಉಂಟು. ಆದರೆ ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಪಿಆರ್, ಸಿಆರ್ ಅಂತ ಇದ್ದರೆ ಕುಟ್ಟಬೇಡಿ. ಅವು ಇಡೀ ದಿನ ನಿಧಾನವಾಗಿ ಔಷಧಿ ಬಿಡುವ ಮಾತ್ರೆಗಳು. ಕುಟ್ಟಿದರೆ ದಿನವಿಡೀ ಬರಬೇಕಾದದ್ದು ಒಂದೇ ಸಲ ಬರುತ್ತದೆ. ಹಾಗೇ ನುಂಗಿದರೂ ಬೈಪಾಸ್ ಆದ ಕರುಳಲ್ಲಿ ದಾರಿ ಕಡಿಮೆ, ಪೂರ್ತಿ ಔಷಧಿ ಬಿಡುವ ಮೊದಲೇ ಹೊರಗೆ ಹೋಗಿಬಿಡಬಹುದು. ಶುಗರ್‌ಗೆ ಮೆಟ್‌ಫಾರ್ಮಿನ್ ಎಸ್‌ಆರ್ ಇದ್ದರೆ ಸಾಮಾನ್ಯ ಮೆಟ್‌ಫಾರ್ಮಿನ್‌ಗೆ ಬದಲಿಸಬೇಕಾ ಅಂತ ಈಗಲೇ ಕೇಳಿ. ಪ್ಯಾನ್ 40 ತರಹದ ಗ್ಯಾಸ್ ಮಾತ್ರೆಗೆ ಆಸಿಡ್‌ನಿಂದ ಕಾಪಾಡುವ ಲೇಪ ಇರುತ್ತದೆ, ಅದನ್ನೂ ಕುಟ್ಟಬಾರದು.

ಶುಗರ್ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಇದೆಯಾ ನೋಡಿ. ಅದಾಗಲಿ ಇನ್ಸುಲಿನ್ ಆಗಲಿ ಇದ್ದರೆ ತುಂಬಾ ಎಚ್ಚರ ಬೇಕು. ಬೈಪಾಸ್ ಆದ ಮೇಲೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಇಳಿಯಲು ಶುರುವಾಗುತ್ತದೆ. ಊಟವೂ ನಾಲ್ಕಾರು ಚಮಚ ಅಷ್ಟೇ. ಹಳೇ ಡೋಸನ್ನೇ ಕೊಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಇದ್ದರೆ ಸರ್ಜನ್‌ಗೆ ಇವತ್ತೇ ತಿಳಿಸಿ. ಅದನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸುತ್ತಾರೆ. ಊಟ ಕಡಿಮೆಯಾದಾಗ ಅದರಿಂದ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು, ಅದೂ ಶುಗರ್ ಹೆಚ್ಚೇನೂ ಇಲ್ಲದೆ. ಹಾಗಾಗಿ ಬೇಗ ಗೊತ್ತಾಗುವುದಿಲ್ಲ.

ಬಿಪಿ ಮಾತ್ರೆಯ ಹೆಸರಿನ ಜೊತೆ ಎಚ್ ಅಂತ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧಿಯೂ ಇರುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯುವ ದಿನಗಳಲ್ಲಿ ಅದು ಮೈ ಒಣಗಿಸುತ್ತದೆ. ಎದ್ದು ನಿಂತಾಗ ತಲೆ ಸುತ್ತಿದರೆ ಸುಮ್ನೆ ಸುಸ್ತು ಅಂದುಕೊಳ್ಳಬೇಡಿ, ಬಿಪಿ ನೋಡಿ ಫೋನ್ ಮಾಡಿ.

ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ನೀರಿನ ಜೊತೆ. ಕಾಫಿಗೆ ಮುಂಚೆ ಒಂದು ಗಂಟೆ ಬಿಡಿ. ಆಪರೇಷನ್ ಆದ ಮೇಲೆ ಕೊಡುವ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ 4 ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ನಡುವೆ 2 ಗಂಟೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಹಾಳೆಯಲ್ಲಿ ಹೊತ್ತು ಬರೆದು ಅಡುಗೆಮನೆಯಲ್ಲಿ ಅಂಟಿಸಿ: 6ಕ್ಕೆ ಥೈರಾಯ್ಡ್, 11ಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನ 2ಕ್ಕೆ ಕಬ್ಬಿಣ, ಸಂಜೆ ಮತ್ತೆ ಕ್ಯಾಲ್ಸಿಯಂ, ಹೀಗೆ. ಕೆಲವು ವಾರ ಬಿಟ್ಟು ಥೈರಾಯ್ಡ್ ಮಟ್ಟ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ತೂಕ ಇಳಿದಂತೆ ಡೋಸ್ ಬದಲಾಗಬಹುದು.

ಕ್ಯಾಲ್ಸಿಯಂ ತರುವಾಗ ಸಿಟ್ರೇಟ್ ಇರುವುದನ್ನೇ ಕೇಳಿ. ಅಂಗಡಿಯಲ್ಲಿ ಥಟ್ಟನೆ ಕೈಗೆ ಕೊಡುವುದು ಬಹುಪಾಲು ಕಾರ್ಬೊನೇಟ್, ಉದಾಹರಣೆಗೆ ಶೆಲ್‌ಕಾಲ್. ಅದು ಮೈಗೆ ಹತ್ತಲು ಆಸಿಡ್ ಬೇಕು, ಆ ಸಣ್ಣ ಚೀಲದಲ್ಲಿ ಆಸಿಡ್ ಕಡಿಮೆ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕಾಗುತ್ತದೆ. ಆದರೆ ಒಮ್ಮೆಗೆ 500-600ಕ್ಕಿಂತ ಹೆಚ್ಚು ಬೇಡ. ವಿಟಮಿನ್ ಬಿ12 ಕೂಡ ಜೀವನಪೂರ್ತಿ ಬೇಕು. ಮನೆಯಲ್ಲಿ ಸಸ್ಯಾಹಾರ ಆದರೆ ಆಪರೇಷನ್‌ಗೆ ಮುಂಚೆಯೇ ಬಿ12 ಪರೀಕ್ಷೆ ಮಾಡಿಸಿ. ಮೊದಲೇ ಕಡಿಮೆ ಇರುವ ಸಾಧ್ಯತೆ ಇದೆ.

ಇನ್ನೆರಡು ವಿಷಯ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಮೈಯಲ್ಲಿ ಬಿ1 ಬೇಗ ಖಾಲಿಯಾಗಿ ಮೆದುಳಿಗೂ ನರಗಳಿಗೂ ಹಾನಿಯಾಗಬಹುದು. ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರಬೇಡಿ. ಬೈಪಾಸ್ ಆಗಿದೆ, ಮೊದಲು ಬಿ1 ಕೊಡಿ ಅಂತ ಬಾಯಿಬಿಟ್ಟು ಹೇಳಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಅದು ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ, ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಜೋರಾಗಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಕರೆದುಕೊಂಡು ಹೋಗಿ.

ಮುಂದಿನ ಸಲ ಸರ್ಜನ್ ಹತ್ತಿರ ಹೋಗುವಾಗ ಚೀಟಿ ಒಂದೇ ಸಾಲದು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮಂಡಿ ನೋವಿಗೆ ಅಂತ ಅಮ್ಮ ತಲೆದಿಂಬಿನ ಹತ್ತಿರ ಇಟ್ಟುಕೊಂಡಿರುವುದನ್ನೂ ಸೇರಿಸಿ.