ಸೈಕಲ್ ಪ್ರಶ್ನೋತ್ತರ: ರೋಡ್ ಬೈಕಿನ ಸಾಮಾನು ಗ್ರಾವೆಲ್ ಬೈಕಿಗೆ ಕೂರುತ್ತದಾ?

ಪ್ರಶ್ನೆ: ನನ್ನ ಹತ್ತಿರ ರಿಮ್ ಬ್ರೇಕಿನ (ಚಕ್ರದ ಅಂಚನ್ನೇ ಹಿಡಿಯುವ ಬ್ರೇಕಿನ) ರೋಡ್ ಬೈಕ್ ಇದೆ. ಗೇರ್ ಸೆಟ್ಟು ಶಿಮಾನೊ ಕಂಪನಿಯ 105 ಆರ್7000, 11 ಸ್ಪೀಡ್ (ಹಿಂದೆ 11 ಗೇರು), ಹಲ್ಲುಗಳು ಮುಂದೆ 50/34, ಹಿಂದೆ 11-28. ನಮ್ಮ ಕಡೆಯ ಮಣ್ಣುದಾರಿಗೆ ಅದರ 25 ಮಿ.ಮೀ. ಟೈರು ಏನೇನೂ ಸಾಲದು. ಡಿಸ್ಕ್ ಬ್ರೇಕಿನ ಗ್ರಾವೆಲ್ ಬೈಕಿನ (ಮಣ್ಣು-ಜಲ್ಲಿ ದಾರಿಗೆ ಅಗಲ ಟೈರು ಹಾಕುವ ಸೈಕಲ್ಲಿನ) ಫ್ರೇಮ್ ಒಂದು ಸಿಗುವ ಹಾಗಿದೆ. ಹಳೆ ಸಾಮಾನನ್ನೆಲ್ಲ ಅದಕ್ಕೇ ಹಾಕಿಬಿಡಬಹುದಾ?
– ಶಿರಸಿಯ ಓದುಗರು

ಉತ್ತರ: ಎಲ್ಲವನ್ನೂ ಆಗುವುದಿಲ್ಲ, ಆದರೆ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಆಗುತ್ತದೆ. ಉಳಿಯುವ ದುಡ್ಡನ್ನು ಬ್ರೇಕಿಗೂ ಚಕ್ರಕ್ಕೂ ಹಾಕಿ, ಅಷ್ಟೇ ನನ್ನ ಮಾತು.

ಮೊದಲು ಚಕ್ರ. ಹಳೆ ಚಕ್ರ ಬರುವುದಿಲ್ಲ. ರಿಮ್ ಬ್ರೇಕಿನ ಹಬ್ಬಿಗೆ (ಚಕ್ರದ ನಡುಗುಂಬಕ್ಕೆ) ಡಿಸ್ಕ್ ಕೂರಿಸುವ ಜಾಗವೇ ಇಲ್ಲ, ಹಿಂದಿನ ಹಬ್ಬು 130 ಮಿ.ಮೀ. ಈಗಿನ ಗ್ರಾವೆಲ್ ಫ್ರೇಮುಗಳಲ್ಲಿ ಹೆಚ್ಚಿನವು ಮುಂದೆ 12×100, ಹಿಂದೆ 12×142 ಮಿ.ಮೀ. ಥ್ರೂ ಆಕ್ಸಲಿನವು (ಹಬ್ಬಿನೊಳಗೆ ತೂರಿ ಫ್ರೇಮಿಗೆ ತಿರುಪುವ ದಪ್ಪ ಅಚ್ಚಿನವು). ಕೊಳ್ಳುವ ಮೊದಲು ಫ್ರೇಮಿನ ಅಳತೆ ಬರೆಸಿಕೊಳ್ಳಿ. ರಿಮ್ಮಿನ ಒಳ ಅಗಲ 21 ಮಿ.ಮೀ. ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 40ರ ಟೈರು ಚೆನ್ನಾಗಿ ಕೂರುತ್ತದೆ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬೇಕಾದರೆ ಕಳಚಿ ಹೊಸ ಚಕ್ರಕ್ಕೆ ಹಾಕಬಹುದು, ಆದರೆ ಈ 11-28 ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ರೇಕ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಿಮ್ಮ ಲಿವರು (ಬ್ರೇಕಿಗೂ ಗೇರಿಗೂ ಒಂದೇ) ಕೇಬಲಿನದ್ದು. ಅದನ್ನೇ ಇಟ್ಟುಕೊಂಡು ಕೇಬಲ್ ಡಿಸ್ಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಹಾಕಬಹುದು. ಆದರೆ ಅದು ರೋಡ್ ಲಿವರಿಗೆ ಅಂತಲೇ ಮಾಡಿದ ಕ್ಯಾಲಿಪರ್ ಆಗಿರಬೇಕು. ಎಂಟಿಬಿ (ಮೌಂಟನ್ ಬೈಕ್) ಕ್ಯಾಲಿಪರ್ ನೋಡಲು ಹಾಗೇ ಇರುತ್ತದೆ, ಆದರೆ ಅದಕ್ಕೆ ಬೇಕಾದಷ್ಟು ಕೇಬಲನ್ನು ರೋಡ್ ಲಿವರು ಎಳೆಯುವುದಿಲ್ಲ. ಲಿವರು ಹ್ಯಾಂಡಲಿಗೆ ತಾಗಿದರೂ ಪ್ಯಾಡು ಡಿಸ್ಕನ್ನು ಸರಿಯಾಗಿ ಹಿಡಿದಿರುವುದಿಲ್ಲ. ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಇದು ಗೊತ್ತಾಗುವುದು ಬೇಡ. ಟಿಆರ್‌ಪಿ ಸ್ಪೈರ್ ಥರದ್ದು, ಎರಡೂ ಪ್ಯಾಡು ಒಟ್ಟಿಗೆ ಒಳಗೆ ಬರುವಂಥದ್ದು ಸಿಕ್ಕರೆ ಒಳ್ಳೆಯದು. ನಮ್ಮ ಕೆಂಪುಮಣ್ಣಿನ ಕೆಸರಿನಲ್ಲಿ ಪ್ಯಾಡು ಬೇಗ ಸವೆಯುತ್ತದೆ, ಕೇಬಲ್ ಬ್ರೇಕಿನಲ್ಲಿ ಅದನ್ನು ನೀವೇ ಆಗಾಗ ತಿರುಪಿ ಹತ್ತಿರ ತರುತ್ತಿರಬೇಕು. ಪೂರ್ತಿ ಹೈಡ್ರಾಲಿಕ್ (ಎಣ್ಣೆಯ ಒತ್ತಡದ್ದು) ಆದರೆ ತನ್ನಷ್ಟಕ್ಕೇ ಸರಿಹೊಂದುತ್ತದೆ, ಆದರೆ ಅದಕ್ಕೆ ಲಿವರುಗಳನ್ನೂ ಬದಲಿಸಬೇಕು. ದುಡ್ಡಿದ್ದರೆ ಮೊದಲು ಮಾಡಬೇಕಾದ ಬದಲಾವಣೆ ಇದೇ ಅಂತ ನನಗನಿಸುತ್ತದೆ.

ಇನ್ನು ಗೇರು. ಲಿವರು, ಡಿರೇಲರು (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ), ಕ್ರ್ಯಾಂಕು (ಪೆಡಲಿನ ತೋಳು, ಮುಂದಿನ ಹಲ್ಲುಚಕ್ರ) ಎಲ್ಲ ಕೂರುತ್ತವೆ, ಆದರೆ ಏರು ಹತ್ತಲು ಆಗಬೇಕಲ್ಲ. ಮುಂದೆ 34, ಹಿಂದೆ 28 ಇಟ್ಟುಕೊಂಡು ಡಾಂಬರಿನ ಘಟ್ಟ ಹತ್ತಬಹುದು, ಅಭ್ಯಾಸ ಇದ್ದವರಿಗೆ. ಅದೇ ತೋಟದ ಪಕ್ಕದ ಏರಿನಲ್ಲಿ, ದರಕು (ಉದುರಿದ ಎಲೆ) ಬಿದ್ದ ಒದ್ದೆ ಮಣ್ಣಿನಲ್ಲಿ, ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಕೂತೇ ತುಳಿಯಬೇಕು, ಅದಕ್ಕೆ ಹಗುರ ಗೇರು ಬೇಕು. ಹಿಂದೆ 11-34 ಕ್ಯಾಸೆಟ್ ಹಾಕಿದರೆ 34ಕ್ಕೆ 34, ಅಂದರೆ ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. 40ರ ಟೈರಿನಲ್ಲಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತೀರಿ. ಆದರೆ ನಿಮ್ಮ ಹಿಂದಿನ ಡಿರೇಲರ್ ಗಿಡ್ಡ ಕೇಜಿನ (ಚೈನು ಹಿಡಿಯುವ ತೋಳು ಗಿಡ್ಡ ಇರುವ) ಎಸ್‌ಎಸ್ ಆಗಿದ್ದರೆ ಅದಕ್ಕೆ 30 ಹಲ್ಲೇ ಮಿತಿ. ಉದ್ದ ಕೇಜಿನ ಜಿಎಸ್ ಆಗಿದ್ದರೆ 34ರವರೆಗೆ ಹೋಗುತ್ತದೆ. ಹೇಗೂ ಬದಲಿಸುವುದಾದರೆ ಜಿಆರ್‌ಎಕ್ಸ್ ಆರ್‌ಎಕ್ಸ್810 ಡಿರೇಲರ್ ತೆಗೆದುಕೊಳ್ಳಿ. 2019ರಲ್ಲಿ ಶಿಮಾನೊ ಗ್ರಾವೆಲ್‌ಗೆ ಅಂತಲೇ ತಂದ ಸೆಟ್ಟು ಅದು, ನಿಮ್ಮ 11 ಸ್ಪೀಡ್ ರೋಡ್ ಲಿವರಿಗೆ ನೇರ ಹೊಂದುತ್ತದೆ. ಅದರಲ್ಲಿ ಚೈನನ್ನು ಬಿಗಿಯಾಗಿ ಹಿಡಿದಿಡುವ ಕ್ಲಚ್ ಇದೆ. ಕಲ್ಲಿನ ಮೇಲೆ ಹೋಗುವಾಗ ಚೈನು ಫ್ರೇಮಿಗೆ ಟಪಟಪ ಬಡಿಯುವುದೂ, ಕಳಚಿ ಬೀಳುವುದೂ ಕಡಿಮೆಯಾಗುತ್ತದೆ. ಚೈನು ಹೊಸದೇ ಹಾಕಿ, ಹಳೆಯದರ ಉದ್ದ ಸಾಲುವುದಿಲ್ಲ.

ಕ್ರ್ಯಾಂಕ್ ಹಾಕುವ ಮೊದಲು ಒಂದು ಪರೀಕ್ಷೆ ಇದೆ. ಅಗಲ ಟೈರಿಗೆ ಜಾಗ ಬಿಡಲು ಗ್ರಾವೆಲ್ ಫ್ರೇಮಿನ ಹಿಂದಿನ ಕೊಳವೆ ಹೊರಕ್ಕೆ ಬಾಗಿರುತ್ತದೆ, 50ರ ದೊಡ್ಡ ಹಲ್ಲುಚಕ್ರ ಅದಕ್ಕೆ ತಾಗಬಹುದು. ಎಷ್ಟು ಹಲ್ಲಿನವರೆಗೆ ಹಿಡಿಸುತ್ತದೆ ಎಂದು ಫ್ರೇಮಿನ ವಿವರದಲ್ಲಿ ನೋಡಿ. ಮುಂದೆ ಯಾವಾಗಲಾದರೂ ಜಿಆರ್‌ಎಕ್ಸ್ 46/30 ಕ್ರ್ಯಾಂಕ್ ತಂದರೆ, ಜೊತೆಗೆ ಮುಂದಿನ ಡಿರೇಲರೂ ಜಿಆರ್‌ಎಕ್ಸ್‌ನದ್ದೇ ತರಬೇಕು. ಯಾಕೆಂದರೆ ಆ ಕ್ರ್ಯಾಂಕಿನ ಹಲ್ಲುಚಕ್ರಗಳು ರೋಡಿನದ್ದಕ್ಕಿಂತ 2.5 ಮಿ.ಮೀ. ಹೊರಗೆ ಕೂರುತ್ತವೆ. ಆಗ 30ಕ್ಕೆ 34 ಸಿಗುತ್ತದೆ, ಒಂದು ಸುತ್ತಿಗೆ 2 ಮೀಟರಿಗಿಂತ ಕಡಿಮೆ. ಯಾಣದ ಕಡೆಯ ಕಾಡುದಾರಿಗೆ ಅಷ್ಟು ಹಗುರ ಇದ್ದರೇ ಚೆಂದ.

ಪ್ರಶ್ನೆ: ನನ್ನ ಗ್ರಾವೆಲ್ ಬೈಕಿನಲ್ಲಿ ಟಿಯಾಗ್ರಾ (ರೋಡ್ ಬೈಕಿನ ಸೆಟ್ಟು) 10 ಸ್ಪೀಡ್ ಲಿವರ್ ಇದೆ. ಅಣಶಿ ಘಟ್ಟಕ್ಕಾಗಿ ಎಂಟಿಬಿಯ 10 ಸ್ಪೀಡ್ ಡಿಯೋರ್ ಡಿರೇಲರ್ ಹಾಕೋಣ ಅಂತಿದ್ದೇನೆ. ಎರಡೂ ಶಿಮಾನೊ, ಎರಡೂ 10 ಸ್ಪೀಡ್. ಆಗುತ್ತದೆ ಅಲ್ವಾ?
– ಕಾರವಾರದ ಓದುಗರು

ಉತ್ತರ: ಇಲ್ಲ, ಇದು ಆಗುವುದಿಲ್ಲ. ಲಿವರಿನ ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಬರುತ್ತದೆ, ಅಷ್ಟಕ್ಕೆ ಡಿರೇಲರ್ ಎಷ್ಟು ಸರಿಯುತ್ತದೆ, ಈ ಲೆಕ್ಕವನ್ನು ಶಿಮಾನೊ 10 ಸ್ಪೀಡಿನಲ್ಲಿ ರೋಡಿಗೆ ಬೇರೆ, ಎಂಟಿಬಿಗೆ ಬೇರೆ ಮಾಡಿತು. ಒಂದೆರಡು ಗೇರು ಸರಿ ಬಿದ್ದ ಹಾಗೆ ಕಾಣುತ್ತದೆ, ಆಮೇಲೆ ಎರಡು ಹಲ್ಲುಚಕ್ರದ ನಡುವೆ ಚೈನು ಕರಕರ ಅನ್ನುತ್ತಿರುತ್ತದೆ. ಎಷ್ಟು ತಿರುಪಿದರೂ ಹೋಗುವುದಿಲ್ಲ, ಮೆಕ್ಯಾನಿಕ್ಕನ್ನು ಬೈದು ಪ್ರಯೋಜನವಿಲ್ಲ.

ಮೊದಲು ಲಿವರಿನ ಮೇಲಿನ ನಂಬರ್ ಓದಿ. ಟಿಯಾಗ್ರಾ 4700 ಆಗಿದ್ದರೆ ನಿಮ್ಮ ಅದೃಷ್ಟ, ಜಿಆರ್‌ಎಕ್ಸ್ ಆರ್‌ಎಕ್ಸ್400 ಡಿರೇಲರ್ ಅದಕ್ಕೆ ಹೊಂದುತ್ತದೆ, 36 ಹಲ್ಲಿನವರೆಗೆ ಹೋಗುತ್ತದೆ. ಹಳೆಯ 4600 ಆಗಿದ್ದರೆ ಅದರ ಲೆಕ್ಕ ಮತ್ತೊಂದು. 4600ಕ್ಕೆ 4700ರ ಡಿರೇಲರ್ ಕೂಡ ಹೊಂದುವುದಿಲ್ಲ, ಹೆಸರು ಒಂದೇ ಆದರೂ. ವಿಚಿತ್ರ ಅಂದರೆ 9 ಸ್ಪೀಡಿನಲ್ಲಿ ಈ ತಲೆನೋವಿಲ್ಲ. ರೋಡಿನ ಸೋರಾ 9 ಸ್ಪೀಡ್ ಲಿವರಿಗೆ ಎಂಟಿಬಿಯ ಹಳೆ 9 ಸ್ಪೀಡ್ ಡಿಯೋರ್, ಅಲಿವಿಯೋ ಹಿಂದಿನ ಡಿರೇಲರ್ ಚೆನ್ನಾಗಿ ನಡೆಯುತ್ತದೆ. ಶಿಮಾನೊದ ಹೊಸ ಕ್ಯೂಸ್ 9 ಸ್ಪೀಡ್ ಸೆಟ್ಟನ್ನು ಮಾತ್ರ ಇದಕ್ಕೆ ಸೇರಿಸಬೇಡಿ, ಅದು ಬೇರೆ.

ಕಾರವಾರದವರಿಗೆ ಇನ್ನೊಂದು ಮಾತು. ಗೇರು ತೊಂದರೆ ಕೊಟ್ಟರೆ ಡಿರೇಲರ್ ಬದಲಿಸುವ ಮೊದಲು ಕೇಬಲ್ ಬಿಚ್ಚಿ ನೋಡಿ. ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿದು ಬಿಗಿಯುತ್ತದೆ. ತಂತಿ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ಮಳೆಗಾಲ ಮುಗಿದ ಮೇಲೆ ಹೊರ ಕವಚ ಸಮೇತ ಬದಲಿಸಿ. ಖರ್ಚು ಕಡಿಮೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪ್ರಶ್ನೆ: ಒಂದೇ ಗ್ರಾವೆಲ್ ಬೈಕಿಗೆ ಎರಡು ಜೋಡಿ ಚಕ್ರ ಇಟ್ಟುಕೊಂಡು, ಹೆದ್ದಾರಿಗೆ 28ರ ರೋಡ್ ಟೈರು, ಒಳದಾರಿಗೆ 40 ಅಂತ ಬದಲಿಸುತ್ತಾ ಇರಬಹುದಾ?
– ಕುಮಟಾದ ಓದುಗರು

ಉತ್ತರ: ಧಾರಾಳವಾಗಿ. ಆಕ್ಸಲ್ ಅಳತೆ, ಡಿಸ್ಕಿನ ಅಳತೆ (140 ಅಥವಾ 160), ಕ್ಯಾಸೆಟ್ ಎರಡರಲ್ಲೂ ಒಂದೇ ಇರಲಿ. ಹಬ್ಬು ಬೇರೆ ಬೇರೆ ಕಂಪನಿಯದಾದರೆ ಡಿಸ್ಕು ಕೂದಲೆಳೆಯಷ್ಟು ಆಚೀಚೆ ಕೂತು ಪ್ಯಾಡಿಗೆ ಉಜ್ಜಬಹುದು. ಆಗ ಪ್ರತಿ ಸಲ ಕ್ಯಾಲಿಪರ್ ಸಡಿಲಿಸಿ ಕೂರಿಸುವ ಬದಲು, ಡಿಸ್ಕಿನ ಕೆಳಗೆ ಹಾಕುವ ತೆಳು ಬಿಲ್ಲೆ (ಶಿಮ್) ಸಿಗುತ್ತದೆ, ಅದನ್ನು ಒಂದು ಸಲ ಹಾಕಿಬಿಡಿ. ರಿಮ್ಮು ಹುಕ್‌ಲೆಸ್ (ಟೈರನ್ನು ಹಿಡಿಯುವ ಒಳಕೊಕ್ಕೆ ಇಲ್ಲದ್ದು) ಆಗಿದ್ದರೆ ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು. ಅದಕ್ಕೆ ಒಪ್ಪುವ ಟ್ಯೂಬ್‌ಲೆಸ್ ಟೈರನ್ನೇ ಹಾಕಿ, ಸುಮ್ನೆ ಸಿಕ್ಕಿದ್ದು ಹಾಕಬೇಡಿ.

ಪ್ರಶ್ನೆ: ರೋಡ್ ಪೆಡಲ್ ಹಾಗೇ ಹಾಕಿಕೊಳ್ಳಬಹುದಾ?
– ಅಂಕೋಲಾದ ಓದುಗರು

ಉತ್ತರ: ತಿರುಪು ಒಂದೇ, 9/16 ಇಂಚು, ಆರಾಮಾಗಿ ಕೂರುತ್ತದೆ. ಆದರೆ ಮೂರು ಬೋಲ್ಟಿನ ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು) ಹಾಕಿದ ಶೂನಲ್ಲಿ ಕೆಸರಿನಲ್ಲಿ ಇಳಿದು ಸೈಕಲ್ ತಳ್ಳಲು ಆಗುವುದಿಲ್ಲ, ಮಣ್ಣು ಮೆತ್ತಿದರೆ ಮತ್ತೆ ಪೆಡಲಿಗೆ ಸಿಕ್ಕಿಕೊಳ್ಳುವುದೂ ಇಲ್ಲ. ಎರಡು ಬೋಲ್ಟಿನ ಕ್ಲೀಟಿನ ಎಸ್‌ಪಿಡಿ ಪೆಡಲ್ ಹಾಕಿ, ಇಲ್ಲವೇ ಅಗಲದ ಸಾದಾ ಪೆಡಲ್. ಬದಲಿಸುವಾಗ ನೆನಪಿಡಿ, ಎಡಗಡೆಯದ್ದು ಉಲ್ಟಾ ತಿರುಪು. ಹಾಕುವ ಮೊದಲು ತಿರುಪಿಗೆ ಗ್ರೀಸ್ ಹಚ್ಚಿ.